ಕ್ಯಾಮೆರಾದ ಫುಟೇಜನ್ನು ಎಡಿಟಿಂಗ್‌ಗೆ ಸಿದ್ಧಪಡಿಸುವುದು: ಯಾವ ಫಾರ್ಮ್ಯಾಟ್, ಯಾವಾಗ ಪರಿವರ್ತನೆ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ, ಅದರ ವೇಷ ಮಾತ್ರ ಬೇರೆ ಬೇರೆ. ರವೀಂದ್ರ ಕಲಾಕ್ಷೇತ್ರದಲ್ಲಿ ಎರಡು ಕ್ಯಾಮೆರಾ ಇಟ್ಟು ನಾಟಕ ಚಿತ್ರೀಕರಿಸಿದವರು ಟೈಮ್‌ಲೈನ್, ಅಂದರೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿ, ಮುಗ್ಗರಿಸುತ್ತದೆ ಎನ್ನುತ್ತಾರೆ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಫೋನಿನಲ್ಲಿ ಸೆರೆಹಿಡಿದವರು ತುಟಿಗೂ ಮಾತಿಗೂ ತಾಳೆಯಾಗುತ್ತಿಲ್ಲ ಎನ್ನುತ್ತಾರೆ. ಹಳೆಯ ಹ್ಯಾಂಡಿಕ್ಯಾಮ್ ಉಳಿಸಿಕೊಂಡವರು ಸಾಫ್ಟ್‌ವೇರ್ ಫೈಲನ್ನೇ ತೆರೆಯುತ್ತಿಲ್ಲ ಎನ್ನುತ್ತಾರೆ. ಮೂವರೂ ಕೊನೆಗೆ ಕೇಳುವುದು “ಯಾವ ಫಾರ್ಮ್ಯಾಟ್‌ಗೆ ಕನ್ವರ್ಟ್ ಮಾಡಲಿ?” ಎಂದೇ. ಆದರೆ ಮೊದಲನೆಯವರ ತೊಂದರೆ ಕೋಡೆಕ್‌ನದು, ಅಂದರೆ ಚಿತ್ರವನ್ನು ಒತ್ತಿ ಬರೆದ ವಿಧಾನದ್ದು; ಎರಡನೆಯವರದು ಫ್ರೇಮ್ ದರದ್ದು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದರದ್ದು; ಮೂರನೆಯವರದು ಬಹುತೇಕ ಫೈಲಿನ ಹೊದಿಕೆಯದು. ಆದ್ದರಿಂದ ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಅದು ತಪ್ಪು ಉತ್ತರವಾಗುತ್ತದೆ. ಈ ಫೈಲು ಈ ಕಂಪ್ಯೂಟರಿಗೆ ಏಕೆ ಭಾರವಾಗುತ್ತಿದೆ ಎಂಬುದನ್ನು ಮೊದಲು ಕಂಡುಕೊಂಡು, ಆ ಕಾರಣಕ್ಕೆ ತಕ್ಕಷ್ಟೇ ಪರಿವರ್ತನೆ ಮಾಡುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಏನೇನು ಬೇಕು

ಮೂರು ಸಾಫ್ಟ್‌ವೇರ್ ಸಾಕು, ಮೂರೂ ಉಚಿತ. ಫೈಲಿನೊಳಗೆ ಏನಿದೆ ಎಂದು ಓದಿ ಹೇಳುವ ಮೀಡಿಯಾಇನ್ಫೋ, ಪರಿವರ್ತನೆ ಮಾಡುವ ಶಟರ್ ಎನ್ಕೋಡರ್, ಮತ್ತು ಯಾವ ಫೈಲನ್ನಾದರೂ ತೆರೆದು ನೋಡಲು ವಿಎಲ್‌ಸಿ. ಶಟರ್ ಎನ್ಕೋಡರ್‌ನ ಒಳಗೆ ಕೆಲಸ ಮಾಡುವುದು ಎಫ್‌ಎಫ್‌ಎಂಪೆಗ್ ಎಂಬ ಉಪಕರಣ. ಆಜ್ಞೆಗಳನ್ನು ಟೈಪ್ ಮಾಡಿ ಅಭ್ಯಾಸವಿರುವವರು ಅದನ್ನೇ ನೇರವಾಗಿ ಬಳಸಬಹುದು.

ಇವುಗಳ ಜೊತೆಗೆ ಎರಡು ಹಾರ್ಡ್ ಡಿಸ್ಕ್‌ಗಳು ಬೇಕು. ಒಂದರಲ್ಲಿ ಮೂಲ ಫುಟೇಜ್, ಇನ್ನೊಂದರಲ್ಲಿ ಅದರ ನಕಲು. ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಮೆಮೊರಿ ಕಾರ್ಡ್ ಕೊಳ್ಳುವವರು ಬಿಲ್ ಪಡೆದು, ಕಾರ್ಡನ್ನು ಒಮ್ಮೆ ಪೂರ್ತಿ ತುಂಬಿಸಿ ಓದಿ ನೋಡುವ ಪರೀಕ್ಷೆ ನಡೆಸಿದ ಮೇಲೆಯೇ ಚಿತ್ರೀಕರಣಕ್ಕೆ ಒಯ್ಯಬೇಕು. ಇದಕ್ಕೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಎಫ್3 ಎಂಬ ಸಣ್ಣ ಸಾಫ್ಟ್‌ವೇರ್‌ಗಳಿವೆ. ಮೇಲೆ 128 ಜಿಬಿ ಎಂದು ಮುದ್ರಿಸಿ ಒಳಗೆ ಅದರ ಕಾಲು ಭಾಗವೂ ಇಲ್ಲದ ನಕಲಿ ಕಾರ್ಡುಗಳು ತುಂಬುವವರೆಗೂ ಸುಮ್ಮನಿದ್ದು, ಆಮೇಲೆ ಬರೆದುದನ್ನೆಲ್ಲ ಕಳೆದುಹಾಕುತ್ತವೆ.

ಡಬ್ಬಿ ಬೇರೆ, ಒಳಗಿನ ಪದಾರ್ಥ ಬೇರೆ

ಎಂಪಿ4, ಎಂಒವಿ, ಎಂಕೆವಿ, ಎಂಟಿಎಸ್, ಎಂಎಕ್ಸ್‌ಎಫ್ ಎಂದು ಫೈಲಿನ ಹೆಸರಿನ ಬಾಲದಲ್ಲಿ ಕಾಣುವುದು ಕಂಟೇನರ್, ಅಂದರೆ ಡಬ್ಬಿ. ಚಿತ್ರವನ್ನು ಒತ್ತಿ ಕಿರಿದುಗೊಳಿಸುವ ಮತ್ತು ನೋಡುವಾಗ ಮತ್ತೆ ಬಿಡಿಸುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಅದು ಡಬ್ಬಿಯೊಳಗಿನ ಪದಾರ್ಥ. ಎಚ್.264, ಎಚ್.265 ಅಥವಾ ಎಚ್‌ಇವಿಸಿ, ಆಪಲ್‌ನ ಪ್ರೋರೆಸ್, ಅವಿಡ್‌ನ ಡಿಎನ್‌ಎಕ್ಸ್‌ಎಚ್‌ಡಿ ಮತ್ತು ಡಿಎನ್‌ಎಕ್ಸ್‌ಎಚ್‌ಆರ್ ಇವೆಲ್ಲ ಕೋಡೆಕ್‌ಗಳು. ಒಂದೇ ಎಂಒವಿ ಡಬ್ಬಿಯಲ್ಲಿ ಎಚ್.264 ಕೂಡ ಇರಬಹುದು, ಪ್ರೋರೆಸ್ ಕೂಡ ಇರಬಹುದು. “ನನ್ನದು ಎಂಪಿ4 ಫೈಲು, ಆದರೂ ಓಡುತ್ತಿಲ್ಲ” ಎಂಬ ದೂರಿನಲ್ಲಿ ಪದಾರ್ಥದ ಹೆಸರೇ ಇರುವುದಿಲ್ಲ.

ಕೋಡೆಕ್‌ಗಳಲ್ಲಿ ಎರಡು ಬಗೆಯಿದೆ. ಎಚ್.264, ಎಚ್.265ಗಳು ಸಾಮಾನ್ಯವಾಗಿ ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಅಲ್ಲೊಂದು ಇಲ್ಲೊಂದು ಪೂರ್ಣ ಫ್ರೇಮ್ ಬರೆದು, ನಡುವಿನ ಫ್ರೇಮ್‌ಗಳಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ದಾಖಲಿಸುತ್ತವೆ. ಇದನ್ನು ಲಾಂಗ್ ಜಿಒಪಿ ಎನ್ನುತ್ತಾರೆ. ಫೈಲು ಚಿಕ್ಕದಾಗುತ್ತದೆ, ನಿಜ, ಆದರೆ ಎಡಿಟಿಂಗ್‌ನಲ್ಲಿ ನೀವು ನಡುವಿನ ಒಂದು ಫ್ರೇಮಿಗೆ ಹಾರಿದಾಗಲೆಲ್ಲ ಕಂಪ್ಯೂಟರ್ ಹಿಂದಿನ ಪೂರ್ಣ ಫ್ರೇಮಿಗೆ ಹೋಗಿ ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕಾಗುತ್ತದೆ. ಪ್ರೋರೆಸ್ ಮತ್ತು ಡಿಎನ್‌ಎಕ್ಸ್ ಕುಟುಂಬದ ಕೋಡೆಕ್‌ಗಳು ಪ್ರತಿ ಫ್ರೇಮನ್ನೂ ಸ್ವತಂತ್ರವಾಗಿ ಬರೆಯುತ್ತವೆ. ಅವುಗಳ ಫೈಲು ದೊಡ್ಡದು, ಬಿಡಿಸುವ ಶ್ರಮ ಕಡಿಮೆ. ಫೈಲು ಚಿಕ್ಕದಾದಷ್ಟೂ ಕಂಪ್ಯೂಟರಿಗೆ ಹಗುರ ಎಂಬ ನಂಬಿಕೆಯಿಂದ ಫುಟೇಜನ್ನು ಇನ್ನಷ್ಟು ಕುಗ್ಗಿಸಿ ಎಡಿಟಿಂಗ್‌ಗೆ ಕೂರುವವರು ತಮ್ಮ ತೊಂದರೆಯನ್ನು ತಾವೇ ಹೆಚ್ಚಿಸಿಕೊಳ್ಳುತ್ತಾರೆ.

1. ಕಾರ್ಡನ್ನು ಇಡಿಯಾಗಿ ನಕಲಿಸಿ

ಕಾರ್ಡಿನಿಂದ ವಿಡಿಯೋ ಫೈಲುಗಳನ್ನು ಮಾತ್ರ ಹೆಕ್ಕಿ ತೆಗೆಯಬೇಡಿ. ಫೋಲ್ಡರುಗಳ ರಚನೆಯನ್ನು ಇದ್ದ ಹಾಗೆಯೇ ಹಾರ್ಡ್ ಡಿಸ್ಕಿಗೆ ಇಳಿಸಿ. 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಜೊತೆಯಾಗಿ ತಂದ ಎವಿಸಿಎಚ್‌ಡಿ ಮಾದರಿಯ ಹ್ಯಾಂಡಿಕ್ಯಾಮ್‌ಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಅವು ಉದ್ದನೆಯ ಚಿತ್ರೀಕರಣವನ್ನು ಹಲವು ಎಂಟಿಎಸ್ ಫೈಲುಗಳಾಗಿ ತುಂಡರಿಸಿ ಬರೆಯುತ್ತವೆ ಮತ್ತು ಯಾವ ತುಂಡಿಗೆ ಯಾವುದು ಮುಂದಿನದು ಎಂಬ ಮಾಹಿತಿಯನ್ನು ಬೇರೆ ಫೋಲ್ಡರುಗಳಲ್ಲಿ ಇಟ್ಟಿರುತ್ತವೆ. ಆ ಮಾಹಿತಿಯನ್ನು ಬಿಟ್ಟು ತುಂಡುಗಳನ್ನಷ್ಟೇ ಟೈಮ್‌ಲೈನಿನಲ್ಲಿ ಪಕ್ಕಪಕ್ಕ ಇಟ್ಟರೆ ಸಂದಿಯಲ್ಲಿ ಧ್ವನಿ ಕ್ಷಣಮಾತ್ರ ತುಂಡಾಗುವ ಸಂಭವವಿದೆ. ನಾನೇ ಒಮ್ಮೆ ತಾಳಮದ್ದಳೆಯೊಂದನ್ನು ಹೀಗೆ ಅವಸರದಲ್ಲಿ ಇಳಿಸಿ, ಕಾರ್ಡನ್ನು ಫಾರ್ಮ್ಯಾಟ್ ಮಾಡಿಬಿಟ್ಟು, ಅರ್ಥಧಾರಿಯ ಒಂದು ಮಾತಿನ ನಡುವೆ ಬಂದ ಆ ಕಡಿತವನ್ನು ಇಂದಿಗೂ ಸರಿಪಡಿಸಲಾಗದೆ ಇಟ್ಟುಕೊಂಡಿದ್ದೇನೆ. ಎಡಿಟಿಂಗ್ ಸಾಫ್ಟ್‌ವೇರ್ ಆದ ಪ್ರೀಮಿಯರ್ ಪ್ರೋದಲ್ಲಿ ಮೀಡಿಯಾ ಬ್ರೌಸರ್ ಮೂಲಕ ಆ ಫೋಲ್ಡರನ್ನು ತೆರೆದರೆ ತುಂಡುಗಳು ಒಂದೇ ಕ್ಲಿಪ್ ಆಗಿ ಕಾಣುತ್ತವೆ.

ನಕಲು ಮುಗಿದ ಮೇಲೆ ಎರಡೂ ಕಡೆಯ ಫೈಲುಗಳ ಸಂಖ್ಯೆ ಮತ್ತು ಗಾತ್ರವನ್ನು ಹೋಲಿಸಿ, ಎರಡನೆಯ ಡಿಸ್ಕಿಗೂ ಒಂದು ಪ್ರತಿ ಹಾಕಿದ ನಂತರವೇ ಕಾರ್ಡನ್ನು ಖಾಲಿ ಮಾಡಿ. ಫೈಲುಗಳ ಹೆಸರನ್ನು ಬದಲಿಸುವ ಆಸೆಯನ್ನು ಸದ್ಯಕ್ಕೆ ತಡೆದುಕೊಳ್ಳಿ. ದಿನಾಂಕ, ಕಾರ್ಯಕ್ರಮದ ಹೆಸರುಗಳನ್ನು ಹೊರಗಿನ ಫೋಲ್ಡರಿಗೆ ಇಟ್ಟರೆ ಸಾಕು.

2. ಮೀಡಿಯಾಇನ್ಫೋದಲ್ಲಿ ಐದು ಸಂಗತಿಗಳನ್ನು ಓದಿ

ಪ್ರತಿ ಕ್ಯಾಮೆರಾದ ಒಂದೊಂದು ಫೈಲನ್ನು ಮೀಡಿಯಾಇನ್ಫೋದಲ್ಲಿ ತೆರೆಯಿರಿ. ನೋಡಬೇಕಾದವು ಇವು: ಕೋಡೆಕ್ ಯಾವುದು, ಫ್ರೇಮ್ ದರ ಎಷ್ಟು ಮತ್ತು ಅದು ಸ್ಥಿರವೋ ಚಂಚಲವೋ, ಪ್ರೋಗ್ರೆಸ್ಸಿವ್ ಚಿತ್ರವೋ (ಪೂರ್ಣ ಫ್ರೇಮ್‌ಗಳದ್ದು) ಇಂಟರ್ಲೇಸ್ ಚಿತ್ರವೋ (ಅರ್ಧಚಿತ್ರಗಳದ್ದು, ವಿವರ ಎಂಟನೆಯ ಹಂತದಲ್ಲಿ), ಬಣ್ಣದ ವಿವರ 4:2:0 ಆಗಿದೆಯೋ 4:2:2 ಆಗಿದೆಯೋ ಮತ್ತು ಎಷ್ಟು ಬಿಟ್, ಧ್ವನಿಯ ಕೋಡೆಕ್ ಯಾವುದು ಮತ್ತು ಸ್ಯಾಂಪಲ್ ದರ, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆದು ಬರೆಯಲಾಗಿದೆ ಎಂಬುದು, ಎಷ್ಟು.

ಬಣ್ಣದ ಸಾಲನ್ನು ಸ್ವಲ್ಪ ಬಿಡಿಸಿ ಹೇಳಬೇಕು. 8 ಬಿಟ್ ಎಂದರೆ ಪ್ರತಿ ವರ್ಣಕ್ಕೆ 256 ಮೆಟ್ಟಿಲು, 10 ಬಿಟ್ ಎಂದರೆ 1024 ಮೆಟ್ಟಿಲು. 4:2:0 ಮತ್ತು 4:2:2 ಎಂಬವು ಹೊಳಪಿನ ಮಾಹಿತಿಗೆ ಹೋಲಿಸಿದರೆ ಬಣ್ಣದ ಮಾಹಿತಿಯನ್ನು ಎಷ್ಟು ಉಳಿಸಿಕೊಳ್ಳಲಾಗಿದೆ ಎಂಬುದರ ಗುರುತುಗಳು. ಎರಡನೆಯದರಲ್ಲಿ ಮೊದಲನೆಯದರ ಎರಡರಷ್ಟು ಬಣ್ಣದ ಮಾಹಿತಿ ಇರುತ್ತದೆ. ಎಚ್.264ರ 8 ಬಿಟ್ 4:2:0 ಫುಟೇಜನ್ನು ಬಿಡಿಸಲು ಬಹುತೇಕ ಎಲ್ಲ ಗ್ರಾಫಿಕ್ಸ್ ಚಿಪ್‌ಗಳಲ್ಲೂ ಪ್ರತ್ಯೇಕ ವ್ಯವಸ್ಥೆ ಇದೆ. 10 ಬಿಟ್ 4:2:2 ಆದಾಗ ಆ ವ್ಯವಸ್ಥೆ ಅನೇಕ ಕಂಪ್ಯೂಟರುಗಳಲ್ಲಿ ಕೈಬಿಡುತ್ತದೆ, ಇಡೀ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. ಹೊಸ ಕ್ಯಾಮೆರಾ ಕೊಂಡ ಮೇಲೆ ಹಳೆಯ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ನಿಧಾನವಾಯಿತು ಎನ್ನುವವರ ಸಮಸ್ಯೆ ಹೆಚ್ಚಾಗಿ ಇದೇ.

3. ಪರಿವರ್ತನೆ ಬೇಕೇ ಎಂದು ತೀರ್ಮಾನಿಸಿ

ಒಂದು ನಿಮಿಷದ ಫುಟೇಜನ್ನು ಟೈಮ್‌ಲೈನಿಗೆ ಹಾಕಿ, ಹಿಂದೆ ಮುಂದೆ ಎಳೆದು, ಎರಡು ಕಡೆ ಕತ್ತರಿಸಿ ನೋಡಿ. ಸರಾಗವಾಗಿ ಓಡಿದರೆ ಏನನ್ನೂ ಪರಿವರ್ತಿಸಬೇಡಿ. ಯಾರೋ ಹೇಳಿದರೆಂದು ಸುಮ್ಮನೆ ಪ್ರೋರೆಸ್‌ಗೆ ಬದಲಿಸುವುದರಿಂದ ಚಿತ್ರದ ಗುಣಮಟ್ಟ ಎಳ್ಳಷ್ಟೂ ಹೆಚ್ಚುವುದಿಲ್ಲ. ಕ್ಯಾಮೆರಾ ಬರೆಯುವಾಗಲೇ ಕಳೆದುಹೋದ ವಿವರವನ್ನು ಯಾವ ಕೋಡೆಕ್ ಕೂಡ ಮರಳಿ ತರಲಾರದು.

ಫೈಲು ತೆರೆಯುವುದೇ ಇಲ್ಲವೆಂದರೆ ನಾಲ್ಕನೆಯ ಹಂತಕ್ಕೆ ಹೋಗಿ. ತೆರೆದು ಮುಗ್ಗರಿಸಿದರೆ ಐದು ಮತ್ತು ಆರನೆಯ ಹಂತ. ಧ್ವನಿ ಜಾರುತ್ತಿದ್ದರೆ ಏಳನೆಯದು. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಒಂದು ಎಚ್ಚರಿಕೆ: ಅದರ ಉಚಿತ ಆವೃತ್ತಿ ಲಿನಕ್ಸ್‌ನಲ್ಲಿ ಎಚ್.264, ಎಚ್.265 ಫೈಲುಗಳನ್ನು ತೆರೆಯುವುದಿಲ್ಲ, ಎಎಸಿ ಎಂಬ ಕೋಡೆಕ್‌ನಲ್ಲಿ ಒತ್ತಿದ ಧ್ವನಿಯನ್ನೂ ಓದುವುದಿಲ್ಲ. ಅಲ್ಲಿ ಪರಿವರ್ತನೆ ಅನಿವಾರ್ಯ. ಅದನ್ನು ತಪ್ಪಿಸಬೇಕೆಂದರೆ ಕೆಡಿಎನ್‌ಲೈವ್‌ನಂತಹ ಬೇರೆ ಸಾಫ್ಟ್‌ವೇರ್‌ಗೆ ಹೋಗಬೇಕು. ವಿಂಡೋಸ್‌ನಲ್ಲಿ ಎಚ್‌ಇವಿಸಿ ಫೈಲು ತೆರೆಯದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಣ್ಣ ಶುಲ್ಕಕ್ಕೆ ಸಿಗುವ ವಿಸ್ತರಣೆಯೇ ಸಾಕಾಗಬಹುದು.

4. ಡಬ್ಬಿ ಬದಲಿಸಿದರೆ ಸಾಕೇ ಎಂದು ನೋಡಿ

ಒಳಗಿನ ಕೋಡೆಕ್ ನಿಮ್ಮ ಸಾಫ್ಟ್‌ವೇರ್‌ಗೆ ಪರಿಚಿತವಾಗಿದ್ದು ಡಬ್ಬಿ ಮಾತ್ರ ಅಪರಿಚಿತವಾಗಿದ್ದರೆ, ಉದಾಹರಣೆಗೆ ಎಂಕೆವಿಯೊಳಗೆ ಎಚ್.264 ಇದ್ದರೆ, ಶಟರ್ ಎನ್ಕೋಡರ್‌ನಲ್ಲಿ ರೀವ್ರ್ಯಾಪ್ ಎಂಬ ಆಯ್ಕೆಯನ್ನು ಬಳಸಿ. ಚಿತ್ರವನ್ನು ಬಿಡಿಸಿ ಮತ್ತೆ ಒತ್ತುವ ಕೆಲಸವಿಲ್ಲದ ಕಾರಣ ಗುಣಮಟ್ಟ ಒಂದಿಷ್ಟೂ ಕುಂದುವುದಿಲ್ಲ, ನಕಲು ಮಾಡಿದಷ್ಟೇ ವೇಗದಲ್ಲಿ ಮುಗಿಯುತ್ತದೆ. ಫೈಲಿನ ಬಾಲವನ್ನು ಕೈಯಿಂದ ಅಳಿಸಿ ಎಂಪಿ4 ಎಂದು ಬರೆಯುವುದು ರೀವ್ರ್ಯಾಪ್ ಅಲ್ಲ. ಅದು ಮೆಂತ್ಯದ ಡಬ್ಬಿಗೆ ಜೀರಿಗೆಯ ಚೀಟಿ ಅಂಟಿಸಿದಂತೆ.

5. ಮುಗ್ಗರಿಸುವ ಫುಟೇಜಿಗೆ ಮೊದಲು ಪ್ರಾಕ್ಸಿ ಪ್ರಯತ್ನಿಸಿ

ಪ್ರಾಕ್ಸಿ ಎಂದರೆ ಮೂಲ ಫೈಲಿನ ಪರವಾಗಿ ಟೈಮ್‌ಲೈನಿನಲ್ಲಿ ಕೂರುವ ಹಗುರ ಪ್ರತಿ. ಎಡಿಟಿಂಗ್ ಎಲ್ಲ ಪ್ರಾಕ್ಸಿಯ ಮೇಲೆ ನಡೆಯುತ್ತದೆ, ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಅಂತಿಮ ವಿಡಿಯೋವನ್ನು ಹೊರತೆಗೆಯುವಾಗ, ಸಾಫ್ಟ್‌ವೇರ್ ಮೂಲ ಫೈಲನ್ನೇ ಬಳಸುತ್ತದೆ. ಪ್ರೀಮಿಯರ್ ಪ್ರೋ, ರಿಸಾಲ್ವ್, ಕೆಡಿಎನ್‌ಲೈವ್ ಮೂರರಲ್ಲೂ ಪ್ರಾಕ್ಸಿ ತಯಾರಿಸುವ ಸೌಲಭ್ಯ ಒಳಗೇ ಇದೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಪೂರ್ಣ ಪರಿವರ್ತನೆಗಿಂತ ಇದೇ ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಡಿಸ್ಕಿನಲ್ಲಿ ಜಾಗ ಉಳಿಯುತ್ತದೆ ಮತ್ತು ಮೂಲದ ಬಣ್ಣಕ್ಕೆ ಯಾರೂ ಕೈ ಹಾಕುವುದಿಲ್ಲ.

4ಕೆ ಫುಟೇಜಿಗೆ 1920×1080 ಅಳತೆಯ ಪ್ರೋರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಎಂಬ ಹಗುರ ದರ್ಜೆ ಸಾಕು. ಲ್ಯಾಪ್‌ಟಾಪ್ ತೀರ ಹಳೆಯದಾದರೆ 960×540ಕ್ಕೆ ಇಳಿಯಬಹುದು. ಪ್ರಾಕ್ಸಿಗೂ ಮೂಲಕ್ಕೂ ಫೈಲಿನ ಹೆಸರು, ಅವಧಿ, ಫ್ರೇಮ್ ದರ, ಧ್ವನಿಯ ಚಾನೆಲ್‌ಗಳ ಸಂಖ್ಯೆ ತಾಳೆಯಾಗಬೇಕು. ಕ್ಯಾಮೆರಾ ನಾಲ್ಕು ಚಾನೆಲ್ ಧ್ವನಿ ಬರೆದಿದ್ದು ನೀವು ಹೊರಗಿನ ಸಾಫ್ಟ್‌ವೇರಿನಲ್ಲಿ ಎರಡು ಚಾನೆಲ್‌ನ ಪ್ರಾಕ್ಸಿ ಮಾಡಿದರೆ ಪ್ರೀಮಿಯರ್ ಅದನ್ನು ಜೋಡಿಸಿಕೊಳ್ಳಲು ಒಪ್ಪುವುದಿಲ್ಲ.

6. ಪೂರ್ಣ ಪರಿವರ್ತನೆಯಾದರೆ ಮೊದಲು ಜಾಗದ ಲೆಕ್ಕ ಹಾಕಿ

ಮೂಲವನ್ನು ಬದಿಗಿಟ್ಟು ಎಕ್ಸ್‌ಪೋರ್ಟ್ ವರೆಗೂ ಪರಿವರ್ತಿತ ಫೈಲನ್ನೇ ಬಳಸುವ ದಾರಿ ಇದು. ಮ್ಯಾಕ್ ಇದ್ದರೆ ಪ್ರೋರೆಸ್, ವಿಂಡೋಸ್ ಅಥವಾ ಲಿನಕ್ಸ್ ಇದ್ದರೆ ಡಿಎನ್‌ಎಕ್ಸ್‌ಎಚ್‌ಆರ್ ಎಂಬ ಹಳೆಯ ರೂಢಿ ಈಗಲೂ ಸುರಕ್ಷಿತವಾದದ್ದು. ಎರಡರ ಗುಣಮಟ್ಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಈ ವಿಷಯದಲ್ಲಿ ನಡೆಯುವ ವಾದಗಳಿಗೆ ಸಮಯ ಕೊಡಬೇಡಿ.

ಸಮಯ ಕೊಡಬೇಕಾದದ್ದು ಲೆಕ್ಕಕ್ಕೆ. 1080 ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮ್ ದರದಲ್ಲಿ, ಪ್ರೋರೆಸ್ 422 ಸೆಕೆಂಡಿಗೆ ಸುಮಾರು 122 ಮೆಗಾಬಿಟ್ ಬರೆಯುತ್ತದೆ. ಎಂಟರಿಂದ ಭಾಗಿಸಿದರೆ ಸುಮಾರು 15 ಮೆಗಾಬೈಟ್. ಗಂಟೆಗೆ 55 ಜಿಬಿ. ಅದೇ ಕುಟುಂಬದ ಇನ್ನೂ ಹಗುರ ದರ್ಜೆ ಎಲ್‌ಟಿ ಸುಮಾರು 85 ಮೆಗಾಬಿಟ್, ಅಂದರೆ ಗಂಟೆಗೆ 38 ಜಿಬಿ. ಪ್ರಾಕ್ಸಿ 38 ಮೆಗಾಬಿಟ್, ಗಂಟೆಗೆ 17 ಜಿಬಿ. ಮೂರು ಗಂಟೆಯ ಯಕ್ಷಗಾನವನ್ನು ಎರಡು ಕ್ಯಾಮೆರಾಗಳಲ್ಲಿ ಹಿಡಿದಿದ್ದೀರಿ ಎಂದುಕೊಳ್ಳಿ. ಒಟ್ಟು ಆರು ಗಂಟೆ. ಮೂಲ ಫುಟೇಜ್ ಸೆಕೆಂಡಿಗೆ 50 ಮೆಗಾಬಿಟ್‌ನ ಎಚ್.264 ಆಗಿದ್ದರೆ ಅದು 135 ಜಿಬಿ. ಪ್ರೋರೆಸ್ 422 ಆದಾಗ 330 ಜಿಬಿ. ಬರೀ ಪ್ರಾಕ್ಸಿ ಮಾಡಿಕೊಂಡರೆ 100 ಜಿಬಿಯ ಆಸುಪಾಸು. ಇನ್ನು 4ಕೆಯಲ್ಲಿ, ಅಂದರೆ 3840×2160 ಅಳತೆಯಲ್ಲಿ, ಪ್ರೋರೆಸ್ 422 ಸೆಕೆಂಡಿಗೆ 492 ಮೆಗಾಬಿಟ್, ಗಂಟೆಗೆ 221 ಜಿಬಿ. ಅದೇ ಯಕ್ಷಗಾನಕ್ಕೆ 1.3 ಟಿಬಿಗೂ ಹೆಚ್ಚು.

ಈ ಲೆಕ್ಕದಲ್ಲಿ ಹಲವರು ಗಮನಿಸದ ಇನ್ನೊಂದು ಮಗ್ಗುಲಿದೆ. ಪರಿವರ್ತನೆಯಿಂದ ಪ್ರೊಸೆಸರ್ ಮೇಲಿನ ಭಾರ ಇಳಿದು ಡಿಸ್ಕಿನ ಮೇಲೆ ಏರುತ್ತದೆ. 4ಕೆ ಪ್ರೋರೆಸ್‌ನ ಎರಡು ಕ್ಯಾಮೆರಾಗಳನ್ನು ಏಕಕಾಲಕ್ಕೆ ಓಡಿಸಲು ಡಿಸ್ಕ್ ಸೆಕೆಂಡಿಗೆ ಸುಮಾರು 123 ಮೆಗಾಬೈಟ್ ಒದಗಿಸಬೇಕು. ತಿರುಗುವ ತಟ್ಟೆಯ ಸಾಮಾನ್ಯ ಪೋರ್ಟಬಲ್ ಹಾರ್ಡ್ ಡಿಸ್ಕ್ ಅಲ್ಲಿ ಸೋಲುತ್ತದೆ. ಇಡೀ ರಾತ್ರಿ ಪರಿವರ್ತಿಸಿ ಬೆಳಿಗ್ಗೆ ನೋಡಿದರೆ ಟೈಮ್‌ಲೈನ್ ಹಿಂದಿನಂತೆಯೇ ಮುಗ್ಗರಿಸುತ್ತಿದೆ ಎಂದರೆ ಕೋಡೆಕ್ಕನ್ನು ಬೈಯಬೇಡಿ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಗೆ ಸರಿಸಿ ನೋಡಿ. 1080 ಅಳತೆಯಲ್ಲಿ ಈ ತಾಪತ್ರಯವಿಲ್ಲ.

ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಎಲ್‌ಬಿ, ಎಸ್‌ಕ್ಯೂ, ಎಚ್‌ಕ್ಯೂ ದರ್ಜೆಗಳು 8 ಬಿಟ್‌ನವು. ನೀವು 10 ಬಿಟ್‌ನಲ್ಲಿ, ಅದರಲ್ಲೂ ಎಸ್‌-ಲಾಗ್3, ವಿ-ಲಾಗ್‌ನಂತಹ ಲಾಗ್ ಪ್ರೊಫೈಲಿನಲ್ಲಿ ಚಿತ್ರೀಕರಿಸಿದ್ದರೆ ಎಚ್‌ಕ್ಯೂಎಕ್ಸ್ ಅನ್ನೇ ಆರಿಸಿ. ಲಾಗ್ ಎಂದರೆ ನೆರಳು ಬೆಳಕುಗಳ ವಿವರ ಉಳಿಸಲು ಬೇಕೆಂದೇ ಮಸುಕಾಗಿ ಬರೆದ ಚಿತ್ರ. ಅದನ್ನು 8 ಬಿಟ್‌ಗೆ ಇಳಿಸಿ ಬಣ್ಣ ತಿದ್ದಿದರೆ ಆಕಾಶದಲ್ಲಿ, ರಂಗಪರದೆಯಲ್ಲಿ ಪಟ್ಟೆಗಳು ಮೂಡುತ್ತವೆ. ಧ್ವನಿಯನ್ನು ಯಾವಾಗಲೂ ಪಿಸಿಎಂ (ಒತ್ತದೆ ಬರೆದ ಧ್ವನಿ), 48 ಕಿಲೋಹರ್ಟ್ಸ್ ಎಂದು ಇಡಿ.

7. ಫೋನಿನ ಫುಟೇಜಿಗೆ ಬೇರೆ ಉಪಚಾರ

ಫೋನುಗಳು ಬೆಳಕು ಮತ್ತು ಹೊರೆಗೆ ತಕ್ಕಂತೆ ಫ್ರೇಮ್ ದರವನ್ನು ಕ್ಷಣಕ್ಷಣಕ್ಕೂ ಏರಿಳಿಸುತ್ತವೆ. ಮೀಡಿಯಾಇನ್ಫೋದಲ್ಲಿ ಇದು ವೇರಿಯಬಲ್ ಎಂದು ಕಾಣಿಸುತ್ತದೆ. ಆರಂಭದಲ್ಲಿ ಸರಿಯಾಗಿದ್ದ ಧ್ವನಿ ಕ್ಲಿಪ್ ಮುಂದುವರಿದಂತೆ ಜಾರುತ್ತ ಹೋಗುವುದಕ್ಕೆ ಇದು ಸಾಮಾನ್ಯ ಕಾರಣ. ಶಟರ್ ಎನ್ಕೋಡರ್‌ನಲ್ಲಿ ಸ್ಥಿರ ಫ್ರೇಮ್ ದರ ನಮೂದಿಸಿ ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಪರಿವರ್ತಿಸಿ. ಹ್ಯಾಂಡ್‌ಬ್ರೇಕ್‌ನಲ್ಲೂ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಎಂಬ ಆಯ್ಕೆ ಇದೆ, ಆದರೆ ಆ ಸಾಫ್ಟ್‌ವೇರ್ ಮೂಲತಃ ನೋಡುವ ಪ್ರತಿಗಳಿಗಾಗಿ ರೂಪುಗೊಂಡದ್ದು. ಫೋನು 30ರ ಆಸುಪಾಸಿನಲ್ಲಿ ಬರೆದಿದ್ದರೆ ಪರಿವರ್ತನೆಯಲ್ಲೂ 30 ಎಂದೇ ಇಡಿ. ಟೈಮ್‌ಲೈನ್ 25 ಇದೆಯೆಂದು ಇಲ್ಲೇ 25ಕ್ಕೆ ಇಳಿಸಿದರೆ ಫ್ರೇಮ್‌ಗಳು ಇಲ್ಲಿಯೇ ಬಿದ್ದುಹೋಗಿ, ಆಮೇಲೆ ಬೇರೆ ರೀತಿಯಲ್ಲಿ ಹೊಂದಿಸುವ ಅವಕಾಶ ಉಳಿಯುವುದಿಲ್ಲ.

ಚಿತ್ರೀಕರಣಕ್ಕೆ ಮುಂಚೆಯೇ ತಪ್ಪಿಸುವುದು ಇನ್ನೂ ಒಳ್ಳೆಯದು. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ವಿಭಾಗಕ್ಕೆ ಹೋಗಿ, ಪಾಲ್ ಫಾರ್ಮ್ಯಾಟ್‌ಗಳನ್ನು ತೋರಿಸುವ ಆಯ್ಕೆ ಕೊಟ್ಟರೆ 25 ಫ್ರೇಮ್ ದರ ಕಾಣಿಸುತ್ತದೆ. ಹೊಳಪಿನ ವ್ಯಾಪ್ತಿಯನ್ನು ಹಿಗ್ಗಿಸಿ ಬರೆಯುವ ಎಚ್‌ಡಿಆರ್ ವಿಡಿಯೋ ಆಯ್ಕೆಯನ್ನು ಅಲ್ಲೇ ಆಫ್ ಮಾಡಿಬಿಡಿ, ಇಲ್ಲವಾದರೆ ಸಾಮಾನ್ಯ ಟೈಮ್‌ಲೈನಿನಲ್ಲಿ ಮುಖಗಳು ಬಿಳಿಚಿಕೊಳ್ಳುತ್ತವೆ. 25 ಏಕೆಂದರೆ ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. 25 ಅಥವಾ 50 ಫ್ರೇಮ್ ದರದ ಜೊತೆ ಶಟರ್ 1/50 ಅಥವಾ 1/100 ಇಟ್ಟರೆ ಕಲ್ಯಾಣಮಂಟಪದ ಗೋಡೆಗಳ ಮೇಲೆ ಓಡಾಡುವ ಆ ಕಪ್ಪು ಪಟ್ಟೆಗಳು ಬಹುಮಟ್ಟಿಗೆ ಕಾಣೆಯಾಗುತ್ತವೆ. ಎಡಿಟಿಂಗ್‌ನಲ್ಲಿ ಅವನ್ನು ತೆಗೆಯುವುದು ಬಲು ಕಷ್ಟ.

ನೆಂಟರಿಂದ ಫುಟೇಜ್ ತರಿಸಿಕೊಳ್ಳುವಾಗ ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೋ ಆಗಿ ಕಳಿಸಬೇಡಿ ಎಂದು ಮೊದಲೇ ಹೇಳಿ. ಅದು ದಾರಿಯಲ್ಲೇ ಫೈಲನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆಯೇ ಬರುತ್ತದೆ.

8. ಹಳೆಯ ಇಂಟರ್ಲೇಸ್ ಫುಟೇಜ್

50ಐ ಎಂದು ಬರೆಯುವ ಕ್ಯಾಮೆರಾಗಳು ಸೆಕೆಂಡಿಗೆ 50 ಅರ್ಧಚಿತ್ರಗಳನ್ನು, ಒಮ್ಮೆ ಬೆಸ ಗೆರೆಗಳನ್ನು ಒಮ್ಮೆ ಸಮ ಗೆರೆಗಳನ್ನು, ಹಿಡಿಯುತ್ತವೆ. ಈಗಿನ ಪರದೆಯ ಮೇಲೆ ನರ್ತಕಿಯ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಕಾಣುವುದು ಇದರ ಫಲ. ಪರಿವರ್ತಿಸುವಾಗ ಡಿಇಂಟರ್ಲೇಸ್ ಆಯ್ಕೆ ಕೊಡಿ. ಪ್ರತಿ ಅರ್ಧಚಿತ್ರದಿಂದ ಒಂದು ಪೂರ್ಣ ಫ್ರೇಮ್ ಮಾಡಿಸಿ 50 ಫ್ರೇಮ್‌ಗೆ ಏರಿಸಿದರೆ ಚಲನೆಯ ನಯ ಉಳಿಯುತ್ತದೆ. ಎಚ್‌ಡಿ ಫುಟೇಜಿನಲ್ಲಿ ಮೇಲಿನ ಗೆರೆಗಳು ಮೊದಲು, ಹಳೆಯ ಡಿವಿ ಟೇಪಿನಲ್ಲಿ ಕೆಳಗಿನವು ಮೊದಲು. ಇದು ತಿರುವುಮುರುವಾದರೆ ಚಿತ್ರ ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ಜಗ್ಗಿದಂತೆ ಕಾಣುತ್ತದೆ.

9. ಒಂದು ಕ್ಲಿಪ್ ಪರೀಕ್ಷಿಸಿ, ಆಮೇಲೆ ಉಳಿದವು

ಎಲ್ಲ ಫೈಲುಗಳನ್ನು ಸರದಿಗೆ ಹಾಕುವ ಮುನ್ನ ಒಂದನ್ನು ಮಾತ್ರ ಪರಿವರ್ತಿಸಿ, ಮೂಲದ ಪಕ್ಕದಲ್ಲಿಟ್ಟು ನೋಡಿ. ಅವಧಿ ಒಂದೇ ಇದೆಯೇ, ಕೊನೆಯ ನಿಮಿಷದಲ್ಲಿ ತುಟಿಗೂ ಧ್ವನಿಗೂ ತಾಳೆ ಇದೆಯೇ, ಕಪ್ಪು ಬಣ್ಣ ಬೂದು ಬಣ್ಣಕ್ಕೆ ತಿರುಗಿದೆಯೇ ಎಂದು ಗಮನಿಸಿ. ಕಪ್ಪು ಬೂದು ಬಣ್ಣಕ್ಕೆ ತಿರುಗಿದ್ದರೆ ಅಥವಾ ನೆರಳುಗಳೆಲ್ಲ ಮುಚ್ಚಿಹೋಗಿದ್ದರೆ ಹೊಳಪಿನ ವ್ಯಾಪ್ತಿಯನ್ನು ಒಂದು ಕಡೆ 0ಯಿಂದ 255 ಎಂದೂ ಇನ್ನೊಂದು ಕಡೆ 16ರಿಂದ 235 ಎಂದೂ ಓದಲಾಗಿದೆ ಎಂದರ್ಥ. ಸಾಫ್ಟ್‌ವೇರಿನ ಡೇಟಾ ಲೆವೆಲ್ಸ್ ಆಯ್ಕೆಯಲ್ಲಿ ಇದನ್ನು ಸರಿಪಡಿಸಬಹುದು.

ದೊಡ್ಡ ಸರದಿಯನ್ನು ರಾತ್ರಿ ಓಡಲು ಬಿಡುವುದಾದರೆ ಯುಪಿಎಸ್ ಇರಲಿ. ಎಂಪಿ4 ಮತ್ತು ಎಂಒವಿ ಫೈಲುಗಳ ಸೂಚಿ ಸಾಮಾನ್ಯವಾಗಿ ಬರವಣಿಗೆಯ ಕೊನೆಯಲ್ಲಿ ಸೇರುತ್ತದೆ. ಏಪ್ರಿಲ್-ಮೇ ತಿಂಗಳ ಸಂಜೆಮಳೆಗೆ ಕರೆಂಟ್ ಹೋಗಿ ನಡುವೆ ನಿಂತ ಫೈಲು ಎಷ್ಟೇ ಗಿಗಾಬೈಟ್ ತೂಗಿದರೂ ತೆರೆಯುವುದಿಲ್ಲ.

10. ಕೊನೆಯ ಎಕ್ಸ್‌ಪೋರ್ಟ್ ಮತ್ತು ಡಿಸ್ಕಿನ ಶುಚಿ

ಯೂಟ್ಯೂಬಿಗಾದರೆ ಎಂಪಿ4 ಡಬ್ಬಿಯಲ್ಲಿ ಎಚ್.264. ಅದರ ಸ್ವಂತ ಸೂಚನೆಯ ಪ್ರಕಾರ 1080ರ 25 ಫ್ರೇಮ್ ವಿಡಿಯೋಗೆ ಸೆಕೆಂಡಿಗೆ 8 ಮೆಗಾಬಿಟ್, 4ಕೆಗೆ 35ರಿಂದ 45 ಮೆಗಾಬಿಟ್, ಧ್ವನಿ ಎಎಸಿ. ಅವರು ಹೇಗೂ ಮತ್ತೊಮ್ಮೆ ಒತ್ತುವುದರಿಂದ ನಾನು ಇದರ ಎರಡರಷ್ಟು ಕೊಡುತ್ತೇನೆ. ಎಕ್ಸ್‌ಪೋರ್ಟ್ ಒತ್ತುವ ಮುನ್ನ ರಿಸಾಲ್ವ್‌ನಲ್ಲಿ ಪ್ರಾಕ್ಸಿಯನ್ನೇ ಬಳಸುವ ಆಯ್ಕೆ ಆನ್ ಆಗಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಕೆಲಸ ಒಪ್ಪಿಸಿ ಆದ ಮೇಲೆ ಪ್ರಾಕ್ಸಿಗಳನ್ನೂ, ಸಾಫ್ಟ್‌ವೇರ್ ತಾತ್ಕಾಲಿಕವಾಗಿ ಮಾಡಿಟ್ಟುಕೊಂಡ ರೆಂಡರ್ ಕ್ಯಾಶ್ ಫೈಲುಗಳನ್ನೂ ಅಳಿಸಿ. ಅವನ್ನು ಮೂಲದಿಂದ ಯಾವಾಗ ಬೇಕಾದರೂ ಮತ್ತೆ ಮಾಡಿಕೊಳ್ಳಬಹುದು. ಪೂರ್ಣ ಪರಿವರ್ತನೆಯ ಫೈಲುಗಳ ಮೇಲೆ ಎಡಿಟಿಂಗ್ ನಡೆಸಿದ್ದರೆ ಅವನ್ನು ಅಳಿಸುವ ಮೊದಲು ಪ್ರಾಜೆಕ್ಟ್ ಫೈಲನ್ನು ತೆರೆದು, ಒಂದೆರಡು ಕ್ಲಿಪ್‌ಗಳು ಮೂಲಕ್ಕೆ ಮರುಜೋಡಣೆ ಆಗುತ್ತವೆಯೇ ಎಂದು ನೋಡಿಕೊಳ್ಳಿ. ಕಾರ್ಡಿನಿಂದ ಮೊದಲ ದಿನ ಇಳಿಸಿದ ಫೋಲ್ಡರ್, ಪ್ರಾಜೆಕ್ಟ್ ಫೈಲು ಮತ್ತು ಅಂತಿಮ ಎಕ್ಸ್‌ಪೋರ್ಟ್ ಈ ಮೂರನ್ನು ಎರಡೂ ಡಿಸ್ಕುಗಳಲ್ಲಿ ಉಳಿಸಿ, ಎರಡನೆಯ ಡಿಸ್ಕನ್ನು ಮೊದಲನೆಯದು ಇರುವ ಮನೆಯಲ್ಲಿ ಇಡಬೇಡಿ.